ಎದುರು ಮನೆಗೆ ಹೋದ ಚೀಲ

ಬೆಳಿಗ್ಗೆಯಿಂದ ರಂಜನಾ ತುಂಬಿದ್ದನ್ನು ಅತ್ತೆ ಭೀಮವ್ವ ತೆಗೆಯುತ್ತಿದ್ದಳು, ಭೀಮವ್ವ ತುಂಬಿದ್ದನ್ನು ರಂಜನಾ ತೆಗೆಯುತ್ತಿದ್ದಳು. ನೀಲಿ ಬಣ್ಣದ ಚೀಲ ಹಾಲ್‌ನ ನಡುವೆ ಬಾಯಿ ತೆರೆದು ಕೂತಿತ್ತು. ಯಾರು ಏನು ಹಾಕಿದರೂ ನುಂಗುತ್ತಿತ್ತು, ಯಾರು ಕೈ ಹಾಕಿದರೂ ಕಕ್ಕುತ್ತಿತ್ತು.

ಹತ್ತು ವರ್ಷದ ಶಿವಾನಿ ಮರುದಿನ ನಸುಕಿನಲ್ಲಿ ಬೇಸಿಗೆ ಶಿಬಿರಕ್ಕೆ ಹೊರಡುವವಳಿದ್ದಳು. ಪುಣೆಯ ಹೊರಗೆ, ಮುಳಶಿ ಕಡೆಯ ಗುಡ್ಡದ ಮೇಲೆ ಐದು ದಿನ. ಬಸ್ಸು ಶಾಲೆಯ ಗೇಟಿನ ಮುಂದಿನಿಂದ. ಬಟ್ಟೆ, ಟೋಪಿ, ಬೂಟು, ಬ್ಯಾಟರಿ, ಒಂದು ತಟ್ಟೆ, ಒಂದು ಲೋಟ, ಇಷ್ಟು ಕಳಿಸಿದರೆ ಸಾಕು, ತಿನ್ನುವುದನ್ನು ಮಾತ್ರ ಏನೂ ಕಳಿಸಬೇಡಿ ಎಂದು ಶಿಬಿರದವರು ಫೋನಿನಲ್ಲಿ ಬಿಡಿಸಿ ಹೇಳಿದ್ದರು.

"ಅಲ್ಲಿ ಇಲಿ ಭಾಳ ಅದಾವಂತ್ರಿ ಅತ್ತಿ. ಚೀಲ ಕಡೀತಾವಂತ."

"ಇಲಿ ಎಲ್ಲಿಲ್ಲ? ನಮ್ಮ ಕೊಂಢವಾ ಓಣ್ಯಾಗ ಇಲ್ಲೇನು?" ಭೀಮವ್ವ ಶೇಂಗಾ ಚಟ್ನಿಪುಡಿಯ, ಅವಳ ಮಾತಿನಲ್ಲಿ ಹಿಂಡಿಯ, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಅಂಗಿಗಳ ನಡುವೆ ಇಳಿಸಿದಳು. "ಅವರೇನು, ಹೇಳ್ತಾರ. ಕೂಸಿಗೆ ಬಾಯಿ ಕೆಟ್ರ ಯಾರನ್ನ ಕೇಳಬೇಕು ಅದು?"

"ಅವರೇ ಊಟ ಹಾಕ್ತಾರ್ರಿ."

"ಏನ್ ಹಾಕ್ತಾರ, ಗೊತ್ತದ. ಅರ್ಧಾ ಬೆಂದ ಅನ್ನ."

ಗಂಡ ಮಾಂತುವಿನದು ಇನ್ನೊಂದು ಬಗೆ. ಅವನಿಗೆ ಪುಣೆಯ ಕ್ಯಾಂಪ್ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ. ಒಂದು ತಟ್ಟೆ, ಒಂದು ಲೋಟ ಎಂಬ ಮಾತು ಅವನ ಕಿವಿಗೆ ಬಿದ್ದಿದ್ದೇ ತಡ, ಹಿಂದಿನ ದಿನ ಸಂಜೆ ಊಟದ ತಟ್ಟೆ, ನಾಷ್ಟಾದ ತಟ್ಟೆ, ಪಲ್ಯಕ್ಕೆ ಮೂರು ವಾಟಿ, ಚಮಚಗಳ ಒಂದು ಕಟ್ಟು, ಮುಚ್ಚಳವಿರುವ ಚೊಂಬು, ಎಲ್ಲವನ್ನೂ ತಂದು ಸುರಿದಿದ್ದ. ರಂಜನಾ ಅದರಲ್ಲಿ ಅರ್ಧವನ್ನು ಅಡುಗೆಮನೆಗೆ ಸಾಗಿಸಿದರೆ ಅವನು ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಮತ್ತೆ ತಂದು ಚೀಲಕ್ಕೆ ಹಾಕಿ ಹೋಗಿದ್ದ. ಈಗ ಚೀಲ ಸ್ವಲ್ಪ ಅಲುಗಿದರೂ ಮದುವೆಮನೆಯ ಅಡುಗೆಯವರು ಬಂದ ಹಾಗೆ ಸಪ್ಪಳವಾಗುತ್ತಿತ್ತು.

ರಂಜನಾ ಭೋಸರಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಈ ಒಂದು ದಿನದ ರಜೆಗಾಗಿ ಸಾಹೇಬರ ಮುಂದೆ ಎಷ್ಟು ಸಲ ನಿಂತಿದ್ದಳೋ. ರಜೆ ಸಿಕ್ಕಿದ್ದು ಇದಕ್ಕೇ ಏನು ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಸುಮ್ಮನಿದ್ದಳು. ಯಾಕೆಂದರೆ ಈ ಹಿಂಡಿ, ಈ ಸ್ಟೀಲು, ಈ ಅಂಗಿಗಳು, ಎಲ್ಲದರ ಕೆಳಗೆ ಚೀಲದ ತಳದಲ್ಲಿ ಒಂದು ಹಳೆಯ ದುಪಟ್ಟಾದ ಗಂಟಿತ್ತು. ಅದು ಅಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದರೆ ಶಿವಾನಿ ಹೋಗುತ್ತಾಳೆ. ಅದೊಂದು ಸರಿಯಾಗಿ ಹೋದರೆ ಉಳಿದದ್ದು ಏನಾದರೂ ಆಗಲಿ.

ಗಂಟಿನೊಳಗೆ ಇದ್ದದ್ದು ರಬ್ಬರ್ ಶೀಟು. ಶಿವಾನಿಗೆ ರಾತ್ರಿ ಒಮ್ಮೊಮ್ಮೆ ಹಾಸಿಗೆ ಒದ್ದೆಯಾಗುತ್ತಿತ್ತು. ದಿನಾಲೂ ಅಲ್ಲ. ಎಷ್ಟೋ ದಿನ ಏನೂ ಇಲ್ಲದೆ, ಇನ್ನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, ಒಂದು ಬೆಳಿಗ್ಗೆ ಹುಡುಗಿ ಮಾತಿಲ್ಲದೆ ಚಾದರ ಮಡಚಿಕೊಂಡು ಬಚ್ಚಲಿಗೆ ಹೋಗುವುದು ಕಾಣುತ್ತಿತ್ತು. ತಾನಾಗಿಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾವಾಗ ಎಂದು ಹೇಳಿರಲಿಲ್ಲ. ಇದರ ದೆಸೆಯಿಂದ ಶಾಲೆಯ ಪ್ರವಾಸಗಳು ತಪ್ಪಿದ್ದವು. ಒಂದು ವರ್ಷ ಹೊಟ್ಟೆನೋವಿನ ನೆಪ, ಇನ್ನೊಂದು ವರ್ಷ ಕಾಲು ಉಳುಕಿದ್ದು. ಪ್ರವಾಸದ ಬಸ್ಸು ಹೋದ ಮೇಲೆ ಉಳುಕಿದ ಕಾಲಿನಲ್ಲೇ ಬಾಲ್ಕನಿಗೆ ಓಡಿ, ರಸ್ತೆ ನೋಡುತ್ತ ನಿಂತ ಮಗಳ ಬೆನ್ನು ರಂಜನಾಳ ಕಣ್ಣಿಗೆ ಕಟ್ಟಿದ ಹಾಗಿತ್ತು.

ಈ ವರ್ಷ ಶಿವಾನಿಯೇ ಬಾಯಿಬಿಟ್ಟು, "ಈ ಸಲ ನಾ ಹೋಗ್ತೀನಿ ಮಮ್ಮಿ," ಎಂದಿದ್ದಳು. ರಂಜನಾ ಆ ಮಾತು ಆರುವ ಮೊದಲೇ ಶಿಬಿರದ ಮೇಡಮ್ಮಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಮೇಡಂ ನಕ್ಕಿರಲಿಲ್ಲ. ಪ್ರತಿ ಸಲ ಇಂಥ ಇಬ್ಬರು ಮೂವರು ಇರುತ್ತಾರೆ, ರಬ್ಬರ್ ಶೀಟು ಕೊಟ್ಟು ಕಳಿಸಿ, ಉಳಿದದ್ದು ನಾನು ನೋಡುತ್ತೇನೆ ಎಂದಿದ್ದರು. ಶಿವಾನಿ ಎಲ್ಲಕ್ಕೂ ಹ್ಞೂಂ ಎಂದಿದ್ದಳು. ಒಂದೇ ಮಾತು ಹೇಳಿದ್ದಳು.

"ಶ್ರದ್ಧಾಗ ಗೊತ್ತಾಗಬಾರದು. ಗೊತ್ತಾದ್ರ ನಾ ಹೋಗಂಗಿಲ್ಲ."

ಶ್ರದ್ಧಾ ಎದುರು ಮನೆಯ ಹುಡುಗಿ. ಅದೇ ಶಾಲೆ, ಅದೇ ತರಗತಿ, ಈಗ ಅದೇ ಶಿಬಿರ. ಅವಳ ತಂದೆ ಸುಬ್ಬಯ್ಯ, ಕುಂದಾಪುರದ ಕಡೆಯವರು, ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದರು, ತಾಯಿ ಪ್ರೇಮಾವತಿ ಮನೆಯಲ್ಲೇ ಇರುತ್ತಿದ್ದಳು. ಹುಡುಗಿಯರಿಬ್ಬರೂ ಹೊರಗೆ ಮರಾಠಿಯಲ್ಲಿ ಜಗಳವಾಡುತ್ತಿದ್ದರು, ಮೆಟ್ಟಿಲು ಹತ್ತಿದ ಮೇಲೆ ಕನ್ನಡದಲ್ಲಿ. ಅದೂ ಒಬ್ಬಳದು ಒಂದು ಕನ್ನಡ, ಇನ್ನೊಬ್ಬಳದು ಇನ್ನೊಂದು.

ಮಧ್ಯಾಹ್ನ ಊಟವಾದ ಮೇಲೆ ರಂಜನಾ ಬ್ಯಾಟರಿಗೆ ಸೆಲ್ಲು ತರಲು ಕೆಳಗಿನ ಅಂಗಡಿಗೆ ಹೋದಳು. ಶಿವಾನಿ ಪಾರ್ಕಿಂಗಿನಲ್ಲಿ ಸೈಕಲ್ಲು ಹೊಡೆಯುತ್ತಿದ್ದಳು. ಸೆಲ್ಲು ತೆಗೆದುಕೊಂಡು ಮೇಲೆ ಬಂದು ನೋಡಿದರೆ ಹಾಲ್‌ನಲ್ಲಿ ಚೀಲ ಇರಲಿಲ್ಲ.

"ಚೀಲ ಎಲ್ಲಿ ಇಟ್ರಿ?"

ಭೀಮವ್ವ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಬಹಳ ದಿನದ ಒಂದು ಕೆಲಸ ಮುಗಿಸಿದವಳ ಸಮಾಧಾನ ಮುಖದ ಮೇಲಿತ್ತು.

"ಪರಸ್ಥಾನ ಇಟ್ಟು ಬಂದೆ."

"ಏನು?"

"ನಾಳೆ ಮಂಗಳವಾರ. ಅದರಾಗ ಅಮಾಸಿ. ಎಳೀ ಕೂಸನ್ನ ಅಂಥಾ ದಿನ ಮನಿ ಹೊರಗ ಕಳಸ್ತಾರೇನು? ನೀವು ಕೇಳಂಗಿಲ್ಲ, ಬಸ್ಸು ನಿಲ್ಲಂಗಿಲ್ಲ. ಅದಕ್ಕ ಅಮಾಸಿ ಹತ್ತೂದರೊಳಗ ಚೀಲ ಹೊರಗ ಹಾಕೀನಿ. ಇನ್ನ ಚಿಂತಿಲ್ಲ."

ರಂಜನಾಳ ತವರಲ್ಲೂ ಈ ರೂಢಿ ಇತ್ತು. ಕೆಟ್ಟ ದಿನ ಹೊರಡಲೇಬೇಕಾಗಿ ಬಂದರೆ, ಅದಕ್ಕೂ ಮುಂಚೆ ಒಳ್ಳೆಯ ಗಳಿಗೆ ನೋಡಿ, ಹೋಗುವವರ ಗಂಟನ್ನು ಬೇರೊಬ್ಬರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆಯೇ. ಮರುದಿನ ಕೈ ಬೀಸಿಕೊಂಡು ಹೋಗಿ ಗಂಟು ತೆಗೆದುಕೊಂಡು ಮುಂದೆ ನಡೆಯುವುದು. ಒಮ್ಮೆ ಇಟ್ಟ ಗಂಟನ್ನು ಮಾತ್ರ ಹೊಸ್ತಿಲೊಳಗೆ ತಿರುಗಿ ತರುವ ಹಾಗಿಲ್ಲ. ತಂದರೆ ಹೋದವರು ಅರ್ಧ ದಾರಿಯಿಂದ ವಾಪಸು ಬಂದ ಹಾಗೆ.

"ಯಾರ ಮನ್ಯಾಗ ಇಟ್ರಿ?" ಎಂದು ಕೇಳುವಾಗಲೇ ರಂಜನಾಳಿಗೆ ಉತ್ತರ ಗೊತ್ತಿತ್ತು.

"ಎದುರಿಗೆ. ಪ್ರೇಮಾವತಿ ಕಡೆ. ಮತ್ತೆಲ್ಲಿ ಒಯ್ಯಲಿ ಅಷ್ಟು ಭಾರ? ನಿನ್ನ ಗಂಡ ಅದರಾಗ ಅರ್ಧಾ ಅಂಗಡಿ ತುಂಬ್ಯಾನ."

"ಅತ್ತಿ, ಅದರಾಗ ರಬ್ಬರ್ ಶೀಟು ಅದ."

"ಇರ್ಲಿ. ಅದೇನು ಕೂಗತದೇನು?"

ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಬೆವರಿನಲ್ಲಿ ಕೂದಲು ಹಣೆಗೆ ಅಂಟಿದ ಶಿವಾನಿ. ನೀರು ಕುಡಿಯಲು ಮೇಲೆ ಬಂದಿದ್ದಳು. ಅವಳು ಅಜ್ಜಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಖಾಲಿ ನೆಲವನ್ನು ನೋಡಿದಳು. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

"ಶಿವಾನಿ, ಈಗ ತರ್ತೀನಿ, ನೋಡವಾ, ಬಾಗಲಾ ತಗಿ."

"ನಾ ಹೋಗಂಗಿಲ್ಲ." ಒಳಗಿನಿಂದ ಬಂದ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ರಂಜನಾಳಿಗೆ ಹೆದರಿಕೆಯಾಯಿತು. ಹೊಟ್ಟೆನೋವಿನ ವರ್ಷವೂ ಇದೇ ದನಿ ಇತ್ತು.

ಅವಳು ಸರಕ್ಕನೆ ಬಾಗಿಲ ಕಡೆ ನಡೆದರೆ ಭೀಮವ್ವ ಅಡಕೊತ್ತು ಕೆಳಗಿಟ್ಟು ಎದ್ದು ಬಂದು ಹೊಸ್ತಿಲ ಮೇಲೆ ನಿಂತಳು.

"ಚೀಲ ಈ ಹೊಸ್ತಿಲದಾಗ ಬಂತಂದ್ರ ನಾಳೆ ಕೂಸು ಹೊರಗ ಹೋಗಂಗಿಲ್ಲ. ನಾ ಇಲ್ಲೇ ಅಡ್ಡ ಮಲಗ್ತೀನಿ. ದಾಟಿ ಹೋಗ್ರಿ."

"ಆಕಿ ಈಗ ಹೋಗೂದಿಲ್ಲಾ ಅಂತ ಕೂತಾಳ್ರಿ. ಕೇಳಿಸಲಿಲ್ಲೇನು?"

"ಕೂಸು. ಹಂಗ ಅಂತದ."

ರಂಜನಾ ಮಾಂತುವಿಗೆ ಫೋನು ಹಚ್ಚಿದಳು. ಹಿಂದೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವ ಸಪ್ಪಳ. ಎಲ್ಲ ಕೇಳಿದ ಮೇಲೆ ಅವನು, "ಅವ್ವಂದೂ ತಪ್ಪಲ್ಲ, ನಿಂದೂ ತಪ್ಪಲ್ಲ," ಎಂದ. "ನೋಡಿ ಏನರ ಮಾಡು. ಗಿರಾಕಿ ನಿಂತಾವ." ಫೋನು ಇಟ್ಟ. ಎರಡೂ ಕಡೆ ತಪ್ಪಿಲ್ಲದಿದ್ದರೆ ತನ್ನ ತಲೆ ಯಾಕೆ ಹೀಗೆ ಸಿಡಿಯುತ್ತಿದೆ ಎಂದು ಕೇಳಲೂ ಅವನು ಬಿಡಲಿಲ್ಲ.

ಚೀಲ ಬರುವ ಹಾಗಿಲ್ಲದಿದ್ದರೆ ಶೀಟಾದರೂ ಬರಲಿ ಎಂದು ಅವಳು ಎದುರು ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಇಣುಕಿದಳು. ನೆಲದ ಮೇಲೆ ಶಿವಾನಿಯ ಚೀಲ, ಅದರ ಪಕ್ಕ ಶ್ರದ್ಧಾಳ ಚೀಲ. ಶಿವಾನಿಯ ಚೀಲದ ಜಿಪ್ಪು ಬಿಚ್ಚಿತ್ತು. ಸ್ಟೀಲ್ ಸಾಮಾನೆಲ್ಲ ಹೊರಗೆ ಸಾಲಾಗಿ ಕೂತಿತ್ತು. ಪ್ರೇಮಾವತಿ ಮಂಡಿಯೂರಿ ಅಂಗಿಗಳನ್ನು ಸುರುಳಿ ಸುತ್ತುತ್ತಿದ್ದಳು, ಶ್ರದ್ಧಾ ಒಂದೊಂದನ್ನೇ ಎತ್ತಿ ಕೊಡುತ್ತಿದ್ದಳು.

"ಬನ್ನಿ ರಂಜನಾ, ಬನ್ನಿ. ಎಂತ ಮಾರಾಯ್ತಿ, ಚೀಲ ತುಂಬೋದು ಹೀಗಾ? ನಿಮ್ಮ ಅತ್ತೆ ಇಟ್ಟು ಹೋಗುವಾಗಲೇ ಬಿರಿದುಹೋಗುವ ಹಾಗಿತ್ತು. ನನಗೆ ನೋಡ್ಲಿಕ್ಕೇ ಆಗ್ಲಿಲ್ಲ. ಬಟ್ಟೆ ಹೀಗೆ ಸುರುಳಿ ಮಾಡ್ಬೇಕು. ಜಾಗ ಎಷ್ಟು ಉಳಿತದೆ ನೋಡಿ."

"ಬ್ಯಾಡ್ರಿ ಪ್ರೇಮಕ್ಕ, ನಿಮಗ್ಯಾಕ ತ್ರಾಸ. ನಾ ಮಾಡ್ತೀನಿ ಕೊಡ್ರಿ."

"ತ್ರಾಸ ಎಂತದ್ದು. ನೀವು ಕೂತ್ಕೊಳ್ಳಿ. ಚಾ ಇಡ್ತೇನೆ."

"ಚಾ ಬ್ಯಾಡ್ರಿ."

"ಹಾಗಾದ್ರೆ ಶರಬತ್ತು."

ಅಂಗಿಗಳ ಮೇಲಿನ ಸಾಲು ಮುಗಿಯುತ್ತ ಬಂದಿತ್ತು. ಅದರ ಕೆಳಗೆ ಪ್ಯಾಂಟುಗಳು, ಅದರ ಕೆಳಗೆ ಟವೆಲ್ಲು, ಅದರ ಕೆಳಗೆ ದುಪಟ್ಟಾ. ರಂಜನಾ ಶ್ರದ್ಧಾಳ ಕಡೆ ತಿರುಗಿ, ಆದಷ್ಟು ಅಕ್ಕರೆಯಿಂದ, "ಶ್ರದ್ಧಾ, ಶಿವಾನಿ ಕೆಳಗ ಸೈಕಲ್ ಹೊಡ್ಯಾಕತ್ತಾಳ, ಹೋಗವಾ ಆಡು," ಎಂದಳು.

"ಇಲ್ಲ ಆಂಟಿ. ಈಗಷ್ಟೇ ಮೇಲೆ ಬಂದ್ಲು. ನಾನು ಕಿಟಕಿಯಿಂದ ನೋಡಿದೆ."

ಈ ಹುಡುಗಿಗೆ ಕಣ್ಣು ನಾಲ್ಕಿವೆಯೋ ಏನೋ. ರಂಜನಾಳಿಗೆ ಹೊಳೆದದ್ದು ಒಂದೇ. ಚೀಲ ತಮ್ಮ ಮನೆಯ ಹೊಸ್ತಿಲು ದಾಟಬಾರದು ಅಷ್ಟೇ ತಾನೆ. ಈ ಮನೆಯಲ್ಲೇ ಇರಬೇಕೆಂದು ಯಾರೂ ಹೇಳಿಲ್ಲ. ಅವಳು ಬಿಚ್ಚಿದ ಚೀಲವನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದು, "ಇಲ್ಲೆ ಭಾಳ ಸೆಕಿ ಅದರೀ, ಹೊರಗ ಗಾಳಿಗೆ ಇಟ್ಟು ತುಂಬ್ತೀನಿ," ಎಂದು ಬಾಯಿಗೆ ಬಂದದ್ದು ಹೇಳಿ, ಎರಡು ಮನೆಗಳ ನಡುವೆ ಮೆಟ್ಟಿಲ ತುದಿಯ ಖಾಲಿ ಜಾಗಕ್ಕೆ ಎಳೆದುಕೊಂಡು ಬಂದಳು.

ಅಲ್ಲಿ ಗಾಳಿ ಒಂದು ಎಳೆಯೂ ಇರಲಿಲ್ಲ. ಹೋಗಲಿ ಎಂದರೆ ಏಕಾಂತವೂ ಸಿಗಲಿಲ್ಲ. ಹಿಂದೆಯೇ ಪ್ರೇಮಾವತಿ ಸ್ಟೀಲ್ ಸಾಮಾನು ಹೊತ್ತುಕೊಂಡು ಬಂದಳು, ಅವಳ ಹಿಂದೆ ಶ್ರದ್ಧಾ ಅಂಗಿಯ ಸುರುಳಿಗಳನ್ನು ಅವುಚಿಕೊಂಡು ಬಂದಳು. ಎದುರಿನ ಹೊಸ್ತಿಲ ಮೇಲೆ ಭೀಮವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಲ್ಲೇ ಇರ್ಲಿ, ಈಕಡೆ ಸರಿಸಬ್ಯಾಡ," ಎಂದಳು ಭೀಮವ್ವ.

"ಈಕಡೆನೂ ಇಲ್ಲ, ಆಕಡೆನೂ ಇಲ್ಲ. ಸುಮ್ಮ ನಿಂದರ್ರಿ."

"ನಿಮ್ಮಲ್ಲಿ ಇದೊಂದು ಒಳ್ಳೆ ಪದ್ಧತಿ," ಎಂದಳು ಪ್ರೇಮಾವತಿ. "ನಮ್ಮಲ್ಲಿ ಲಿಂಬೆಹಣ್ಣು ಗಾಡಿ ಚಕ್ರಕ್ಕೆ ಇಟ್ರೆ ಮುಗೀತು."

ರಂಜನಾ ಯಾರ ಮಾತಿಗೂ ಕಿವಿಗೊಡದೆ ಮೊಣಕಾಲೂರಿ, ಚೀಲದೊಳಗೆ ತೋಳನ್ನು ಭುಜದವರೆಗೆ ಇಳಿಸಿದಳು. ಬಟ್ಟೆಯ ತುದಿ ಕೈಗೆ ಸಿಕ್ಕಿತು. ಗಂಟಿನ ಮೇಲೆ ಬೂಟುಗಳು ಕೂತಿದ್ದವು. ಎಳೆದಳು, ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ದುಪಟ್ಟಾ ಮಾತ್ರ ಬಿಚ್ಚಿಕೊಂಡು ಕೈಗೆ ಬಂತು. ಅದರ ಹಿಂದೆ ಕೆಂಪು ರಬ್ಬರಿನ ಒಂದು ಮೂಲೆ ಚೀಲದ ಬಾಯಿಯಿಂದ ಹೊರಗೆ ಇಣುಕಿತು.

"ಇದು ನಮ್ಮ ರಕ್ಷಿತನ ಹಾಸಿಗೆಯಲ್ಲಿ ಉಂಟಲ್ಲ, ಅದೇ ಅಲ್ವಾ?" ಎಂದು ಶ್ರದ್ಧಾ ಬಗ್ಗಿ ನೋಡಿದಳು. ರಕ್ಷಿತ ಅವಳ ತಮ್ಮ. ಇನ್ನೂ ತೊಟ್ಟಿಲು ಬಿಟ್ಟು ಕೆಲವೇ ತಿಂಗಳಾಗಿತ್ತು.

"ಅದು ಮಳಿಗೆ," ಎಂದಳು ರಂಜನಾ. "ಮಳಿ ಬಂದ್ರ ಹೊಚ್ಚಿಕೊಳ್ಳಾಕ."

"ಇಷ್ಟು ಬಿಸಿಲಲ್ಲಿ ಮಳೆಯಾ?"

ಪ್ರೇಮಾವತಿಗೆ ಅಷ್ಟರಲ್ಲೇ ಎಲ್ಲ ತಿಳಿದುಹೋಗಿತ್ತು. ಅವಳು ಮಗಳ ತೋಳು ಚಿವುಟಿ, "ಒಳಗೆ ಹೋಗು ನೀನು, ಹಾಲು ಉಕ್ಕುತ್ತಾ ನೋಡು," ಎಂದಳು.

"ಹಾಲು ಇಟ್ಟೇ ಇಲ್ಲ ನೀವು."

ರಂಜನಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ದುಪಟ್ಟಾ ಇನ್ನೂ ಕೈಯಲ್ಲಿತ್ತು. ನಾಳೆಯೂ ಬಾಲ್ಕನಿ, ನಾಳೆಯೂ ಆ ಬೆನ್ನು. ಬೆಳಿಗ್ಗೆಯಿಂದ ತಡೆಹಿಡಿದ ಸಿಟ್ಟೆಲ್ಲ ಹಾಗೇ ಇತ್ತು. ಆದರೆ ಯಾರ ಮೇಲೆ ಹರಿಹಾಯಬೇಕೆಂದು ತಿಳಿಯಲಿಲ್ಲ. ಒಬ್ಬಳು ಕೂಸಿಗೆ ಕೇಡಾಗಬಾರದೆಂದು ಮಾಡಿದಳು, ಇನ್ನೊಬ್ಬಳು ಬಟ್ಟೆ ಮುದುಡಬಾರದೆಂದು. ಒಳ್ಳೆಯದು ಮಾಡುವವರ ನಡುವೆ ಸಿಕ್ಕಿಬಿದ್ದವರಿಗೆ ಬೈಯಲೂ ದಾರಿಯಿಲ್ಲ.

ಭೀಮವ್ವನ ಹಿಂದೆ ಬಾಗಿಲ ಸಂದಿಯಿಂದ ಶಿವಾನಿ ಹೊರಗೆ ಬಂದಳು. ಯಾವಾಗ ಚಿಲಕ ತೆಗೆದಿದ್ದಳೋ, ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ. ಮುಖ ತೊಳೆದುಕೊಂಡಿದ್ದಳು, ಒರೆಸಿರಲಿಲ್ಲ. ಅಜ್ಜಿಯ ತೋಳಿನ ಕೆಳಗೆ ನುಸುಳಿ ಬಂದು, ಚೀಲದ ಈಚೆ ನಿಂತಳು. ಆಚೆ ಶ್ರದ್ಧಾ.

"ಮಳಿಗಲ್ಲ ಅದು," ಎಂದಳು ಶಿವಾನಿ. ಅಮ್ಮನ ಸುಳ್ಳು ಕೇಳಿ ಅವಳಿಗೇ ನಾಚಿಕೆಯಾದ ಹಾಗಿತ್ತು. "ನನಗ ರಾತ್ರಿ ಒಮ್ಮೊಮ್ಮೆ ಎಚ್ಚರ ಆಗಂಗಿಲ್ಲ. ಅದಕ್ಕ."

ಶ್ರದ್ಧಾ ಕೆಂಪು ರಬ್ಬರನ್ನು ನೋಡಿದಳು, ಶಿವಾನಿಯನ್ನು ನೋಡಿದಳು.

"ರಕ್ಷಿತನ ಹಾಗೆಯಾ?"

"ಹ್ಞೂಂ. ದಿನಾ ಅಲ್ಲ. ಯಾರಿಗರ ಹೇಳಿದ್ರ ನೋಡು."

ಶ್ರದ್ಧಾ ಅಂಗಿಯ ಸುರುಳಿಗಳನ್ನು ಎದೆಗೆ ಒತ್ತಿಕೊಂಡಳು.

"ಹಾಗಾದ್ರೆ ಮೇಲಿನ ಮಂಚ ನನಗೆ," ಎಂದಳು.

"ಯಾಕ?"

"ಅಲ್ಲಿ ಒಂದರ ಮೇಲೆ ಒಂದು ಮಂಚ ಅಂತೆ. ನೀನು ಮೇಲೆ ಮಲಗಿದ್ರೆ ಕೆಳಗೆ ನಾನು ಇರ್ತೇನಲ್ಲ."

ಶಿವಾನಿ ಅದನ್ನು ತೂಗಿ ನೋಡಿದಳು. ಮಾತಿನಲ್ಲಿ ನ್ಯಾಯ ಇತ್ತು. ಆದರೂ ಪೂರ್ತಿ ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ರಾತ್ರಿ ನಿಂದು. ಹಗಲೆಲ್ಲ ನಂದು."

"ಮಧ್ಯಾಹ್ನ ಊಟ ಆಗಿ ಮಲಗುವಾಗ ಮಾತ್ರ ನಂದು, ಆಯ್ತಾ?"

"ಆತು."

ಪ್ರೇಮಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭೀಮವ್ವನಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. "ಅದರಾಗೇನು ಮುಚ್ಚಿಡೂದು," ಎಂದು ಇಡೀ ಮೆಟ್ಟಿಲಿಗೆ ಕೇಳುವ ಹಾಗೆ ಹೇಳಿದಳು, "ಈಕಿ ಅಪ್ಪನೂ ಹಂಗ ಇದ್ದ. ಮೀಸಿ ಮೂಡೂತನಕ ದಿನಾ ಗಾದಿ ಬಿಸಲಿಗೆ ಹಾಕ್ತಿದ್ದೆ ನಾ."

ಕೆಳಗಿನ ತಿರುವಿನಲ್ಲಿ ಹೆಜ್ಜೆಯ ಸಪ್ಪಳ ನಿಂತಿತು. ಕೈಯಲ್ಲಿ ಹೊಸದೊಂದು ಸ್ಟೀಲ್ ಫ್ಲಾಸ್ಕು ಹಿಡಿದು ಮಾಂತು ನಿಂತಿದ್ದ. ಗಿರಾಕಿಗಳನ್ನು ಬಿಟ್ಟು ಬಂದಿದ್ದ ಎಂದರೆ ಹೆಂಡತಿಯ ಫೋನು ಅವನಿಗೂ ತಾಗಿತ್ತು ಅಂತಾಯಿತು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿ, ಪ್ರೇಮಾವತಿಯ ಮುಖವನ್ನು ಮಾತ್ರ ಬಿಟ್ಟು, "ಅವ್ವಾ," ಎಂದ. ಅಷ್ಟೇ.

"ಖರೇನ ಹೇಳೀನಿ," ಎಂದಳು ಭೀಮವ್ವ.

ಶಿವಾನಿ ಅಪ್ಪನನ್ನು ಈವರೆಗೆ ಸರಿಯಾಗಿ ನೋಡೇ ಇಲ್ಲವೇನೋ ಎಂಬಂತೆ ನೋಡುತ್ತ ನಿಂತಳು.

ರಂಜನಾ ಎದ್ದಳು. ಈಗ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಉಳಿದದ್ದು ಮೆಟ್ಟಿಲ ತುದಿಯ ತುಂಬ ಹರಡಿದ ಸಾಮಾನು. "ಇದನ್ನ ಎಲ್ಲಿ ತುಂಬಲ್ರಿ ಅತ್ತಿ? ಇಲ್ಲೇ ಮೆಟ್ಟಿಲ ಮ್ಯಾಲೇನು?"

ಭೀಮವ್ವ ಹೊಸ್ತಿಲು ನೋಡಿದಳು, ಹೊರಗಿನ ಬಿಸಿಲು ನೋಡಿದಳು. "ಇನ್ನ ಅಮಾಸಿ ಹತ್ತಿಲ್ಲ, ಹೊಸದಾಗಿ ಇಡಾಕ ಹೊತ್ತದ. ಒಳಗ ತಗೊಂಡ ಬಾ. ಆಕೀದೊಂದು ಕರ್ಚೀಫು ಪ್ರೇಮಾವತಿ ಕಡೆ ಇಟ್ಟು ಬಂದ್ರ ಆತು."

"ಕರ್ಚೀಫು?"

"ಪರಸ್ಥಾನಕ್ಕ ಚೀಲನ ಇಡಬೇಕಂತ ಏನಿಲ್ಲ. ಹೋಗವರದು ಒಂದು ಅರಬಿ, ತುಂಡು ಬಟ್ಟಿ ಇದ್ರೂ ನಡೀತದ."

ರಂಜನಾ ಅತ್ತೆಯ ಮುಖವನ್ನೇ ನೋಡಿದಳು. "ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ನೀ ಕೇಳಿದೇನು?"

ಚೀಲ ಒಳಗೆ ಬಂತು, ಕರ್ಚೀಫು ಹೊರಗೆ ಹೋಯಿತು. ಪ್ರೇಮಾವತಿ ಕರೆಯದೆಯೇ ಬಂದು ಬಟ್ಟೆಗಳನ್ನೆಲ್ಲ ಸುರುಳಿ ಸುತ್ತಿ ಕೊಟ್ಟಳು. ಈ ಸಲ ರಂಜನಾ ಬೇಡವೆನ್ನಲಿಲ್ಲ. ಬೂಟು ಕೆಳಗೆ, ಬಟ್ಟೆ ಅದರ ಮೇಲೆ. ರಬ್ಬರ್ ಶೀಟು ತಳಕ್ಕೆ ಇಡಲು ಹೋದಾಗ ಶಿವಾನಿ ಅದನ್ನು ಅಮ್ಮನ ಕೈಯಿಂದ ತೆಗೆದುಕೊಂಡಳು.

"ಕೆಳಗ ಇಟ್ರ ಕತ್ತಲದಾಗ ಹುಡುಕಬೇಕಾಗತದ ಮಮ್ಮಿ," ಎಂದು ಎಲ್ಲದರ ಮೇಲೆ ಇಟ್ಟು, ಜಿಪ್ಪು ತಾನೇ ಎಳೆದಳು.

ಮರುದಿನ ನಸುಕಿನಲ್ಲಿ ಶಾಲೆಯ ಗೇಟಿನ ಮುಂದೆ ಬಸ್ಸು ಗುರುಗುಡುತ್ತ ನಿಂತಿತ್ತು. ಶಿವಾನಿ ಹತ್ತಿದವಳು ಹತ್ತಿದಂತೆಯೇ ಒಳಗೆ ಹೋದಳು, ತಿರುಗಿ ನೋಡಲಿಲ್ಲ. ಮಾಂತು ಫ್ಲಾಸ್ಕು ಕೊಡುವುದನ್ನೇ ಮರೆತು ಕಂಕುಳಲ್ಲಿ ಇಟ್ಟುಕೊಂಡು, ಕುತ್ತಿಗೆ ಚಾಚಿ ಕಿಟಕಿಗಳನ್ನು ಹುಡುಕುತ್ತಿದ್ದ. ಮಗಳು ಮೊದಲು ರಂಜನಾಳ ಕಣ್ಣಿಗೆ ಬಿದ್ದಳು. ಗಾಜಿನ ಹಿಂದೆ ಶಿವಾನಿಯ ಬಾಯಿ ಒಂದೇ ಸಮನೆ ಆಡುತ್ತಿತ್ತು, ಕೈ ಗಾಳಿಯಲ್ಲಿ ಹಾರಾಡುತ್ತಿತ್ತು.

"ಏನ ಮಾಡಾಕತ್ತಾಳ? ಅಳತಾಳೇನು?" ಎಂದು ಮಾಂತು ಕೇಳಿದ.

"ಇಲ್ಲ. ಕಿಟಕಿ ಸೀಟಿಗೆ ಶ್ರದ್ಧಾನ ಜೋಡಿ ಜಗಳಾ ಹಚ್ಯಾಳ."

"ಮರಾಠಿದಾಗೋ, ಕನ್ನಡದಾಗೋ?"

"ಇಲ್ಲಿಂದ ಹೆಂಗ ಕೇಳಸತದ್ರಿ," ಎಂದು ರಂಜನಾ ಸಿಡುಕಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.